ಅತ್ತಿಗೆಯ ಉಸಿರು, ನನ್ನ ರಿಜಿಸ್ಟರು

ನಾನು ಸುಳ್ಳು ಅಂಕಿ ಬರೆಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಅನುಮಾನ ಬರಬಹುದು. ಬೇಕರಿ ಕೆಲಸ ಕಲಿಸುವ ಶಾಲೆಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಹಾಜರಿ ಪುಸ್ತಕ, ಸಾಮಾನಿನ ಪುಸ್ತಕ, ಉಸಿರಿನ ಪುಸ್ತಕ, ಮೂರೂ ನನ್ನ ಮೇಜಿನ ಮೇಲೇ ಇದ್ದವು. ಕಣ್ಣಾರೆ ಕಾಣದ ಒಂದೇ ಒಂದು ಅಂಕಿಯನ್ನು ಅವುಗಳಲ್ಲಿ ಬರೆದಿಲ್ಲ. ಕಲಿಯಲು ಬಂದವರು ಬೆನ್ನ ಹಿಂದೆ ನನ್ನನ್ನು ರಿಜಿಸ್ಟರಪ್ಪ ಅನ್ನುತ್ತಿದ್ದರು. ಅದು ಬೈಗುಳ ಅಂತ ಅವರು ತಿಳಿದಿದ್ದರು, ಬಿರುದು ಅಂತ ನಾನು ತಿಳಿದಿದ್ದೆ.

ಹಾಗಂತ ಇದು ನನ್ನ ಕಥೆಯಲ್ಲ, ಅತ್ತಿಗೆಯದು. ನಾನು ನಡುನಡುವೆ ಮೂಗು ತೂರಿಸುತ್ತೇನೆ, ಸಹಿಸಿಕೊಳ್ಳಿ.

ಅತ್ತಿಗೆ ನಮ್ಮ ಶಾಲೆಗೆ ಕಲಿಯಲು ಬಂದವರೇ ಅಲ್ಲ. ಗಂಡನ ತಮ್ಮನನ್ನು ಸೇರಿಸಲು ಬಂದವರು. ಆ ಮೈದುನ ಎರಡು ಕಡೆ ಕೆಲಸಕ್ಕೆ ಸೇರಿ ಎರಡು ಕಡೆಯೂ ಬಿಟ್ಟಿದ್ದ. ಇವನಿಗೆ ಕಾಗದಪತ್ರ ಕೊಟ್ಟರೆ ದಾರಿಯಲ್ಲೇ ಕಳೆಯುತ್ತಾನೆ ಅಂತ ಮನೆಯವರು ಅತ್ತಿಗೆಯ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಅವನು ಅರ್ಜಿ ತುಂಬುತ್ತಿದ್ದಾಗ ಅತ್ತಿಗೆ ನನ್ನ ಕೋಣೆಯ ಗಾಜಿನ ಕಿಟಕಿಯಿಂದ, ಕೆಲಸ ನಡೆಯುವ ಒಳಗಿನ ದೊಡ್ಡ ಹಾಲಿನತ್ತ ನೋಡುತ್ತಾ ನಿಂತಿದ್ದರು. ಆ ಹೊತ್ತಿಗೆ ಸರಿಯಾಗಿ, ಕೆಲಸ ಕಲಿಸುವ ಮಾಸ್ಟರ್ ಬೀಸಿದರು.

ಬೀಸು ಅಂದರೆ ಏನು ಅಂತ ಹೇಳಬೇಕು. ನಾದಿದ ಹಿಟ್ಟು ಮೇಜಿಗೆ ಅಂಟದಿರಲಿ ಅಂತ ಮೊದಲು ಒಣ ಮೈದಾ ಉದುರಿಸುತ್ತಾರಲ್ಲ, ಅದೇ. ಲೋಕದ ಜನ ಅದನ್ನು ಬೆರಳಲ್ಲೋ ಜರಡಿಯಲ್ಲೋ ಉದುರಿಸಿ ಸುಮ್ಮನಾಗುತ್ತಾರೆ. ನಮ್ಮ ಮಾಸ್ಟರ್ ಒಂದು ಹಿಡಿ ತೆಗೆದುಕೊಂಡು ಹೆಗಲ ಎತ್ತರದಿಂದ ಎಸೆಯುತ್ತಿದ್ದರು. ಅದು ಗಾಳಿಯಲ್ಲಿ ಸೆರಗಿನ ಹಾಗೆ ಬಿಚ್ಚಿಕೊಂಡು ಮೇಜಿನ ಉದ್ದಕ್ಕೂ ಒಂದೇ ಸಮ ಕೂರುತ್ತಿತ್ತು. ಮೇಜಿನ ಮೇಲೆ ಕೂತದ್ದು ಅರ್ಧ. ಉಳಿದರ್ಧ ಎಲ್ಲರ ರೆಪ್ಪೆ, ಮೂಗು, ಗಂಟಲುಗಳಲ್ಲಿ ಜಾಗ ಹುಡುಕಿಕೊಳ್ಳುತ್ತಿತ್ತು. ಅದಕ್ಕೆ ಸಹಾಯವಾಗಲಿ ಅಂತ ಮೇಲೆ ನಾಲ್ಕು ಫ್ಯಾನು ತಿರುಗುತ್ತಿದ್ದವು. ಕೊನೆಯ ಪರೀಕ್ಷೆಯಲ್ಲಿ ಬೀಸಿಗೇ ಇಪ್ಪತ್ತೈದು ಅಂಕ. ಬೀಸು ಬಾರದವನು ಎಂಥ ಬ್ರೆಡ್ ಮಾಡಿದರೂ ಫೇಲು.

ಆ ಬಿಳಿ ಸೆರಗು ಮೇಜಿನ ಮೇಲೆ ಇಳಿಯುವವರೆಗೂ ಅತ್ತಿಗೆ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ನನ್ನತ್ತ ತಿರುಗಿ, ಹೆಂಗಸರನ್ನು ಸೇರಿಸಿಕೊಳ್ಳುತ್ತೀರಾ, ವಯಸ್ಸಿನ ಮಿತಿ ಏನಾದರೂ ಇದೆಯಾ ಅಂತ ಕೇಳಿದರು. ನಾನು ನಿಯಮ ತೆಗೆದು ನೋಡಿದೆ. ಯಾರೂ ಬರಲಾರರು ಅನ್ನುವ ನಂಬಿಕೆಯಿಂದಲೋ ಏನೋ, ಬೇಡ ಅಂತ ಯಾರೂ ಬರೆದಿರಲಿಲ್ಲ. ಅತ್ತಿಗೆ ಮೈದುನನ ಕೈಯಿಂದ ಪೆನ್ನು ಕಿತ್ತುಕೊಂಡು ಅಲ್ಲೇ ತಮ್ಮದೂ ಒಂದು ಅರ್ಜಿ ಬರೆದರು.

ಆಗ ಅವರಿಗೆ ನಲವತ್ತೊಂದು. ಗಂಡ ಬಸ್ ಡ್ರೈವರು, ಇಬ್ಬರು ಹೆಣ್ಣುಮಕ್ಕಳು ಶಾಲೆಯಲ್ಲಿ. ತಾವು ಹದಿನೆಂಟು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದವರು. ಕಾರ್ಖಾನೆ ಮುಚ್ಚಿ ಒಂದು ವರ್ಷವಾಗಿತ್ತು. ಯಾಕೆ ಸೇರುತ್ತೀರಿ ಅನ್ನುವ ಕಲಮಿಗೆ ಎಲ್ಲರೂ 'ಆಸಕ್ತಿ ಇದೆ' ಅಂತ ಬರೆಯುತ್ತಾರೆ. ಅತ್ತಿಗೆ ಬರೆಯುವ ಬದಲು ನನಗೆ ಬಾಯಲ್ಲೇ ಹೇಳಿದರು.

"ಹದಿನೆಂಟು ವರ್ಷ ತೂತು ಹೊಲಿದೆ ಅಣ್ಣ. ಒಂದು ಪೂರ್ತಿ ಅಂಗಿ ಹೊಲಿಯೋಕೆ ಯಾರೂ ಬಿಡಲಿಲ್ಲ. ಯಾವುದಾದ್ರೂ ಒಂದನ್ನ ಮೊದಲಿಂದ ಕೊನೇತನಕ ನಾನೇ ಮಾಡಿ ನೋಡ್ಬೇಕು."

ನಾನು 'ಆಸಕ್ತಿ ಇದೆ' ಅಂತ ಬರೆದುಕೊಂಡೆ.

ಮೈದುನ ಅತ್ತಿಗೆ ಅಂದ, ಉಳಿದವರೂ ಅತ್ತಿಗೆ ಅಂದರು. ವಾರ ಕಳೆಯುವುದರೊಳಗೆ, ಅವರಿಗಿಂತ ಹದಿನೇಳು ವರ್ಷ ದೊಡ್ಡವರಾದ ಮಾಸ್ಟರ್ ಕೂಡ ಅತ್ತಿಗೆ ಅನ್ನತೊಡಗಿದರು. ಅವರು ನನ್ನನ್ನು ಅಣ್ಣ ಅಂತಿದ್ದರು, ನಾನು ಅವರನ್ನು ಅತ್ತಿಗೆ ಅಂತಿದ್ದೆ. ಈ ಸಂಬಂಧವನ್ನು ಬಿಡಿಸಿ ಹೇಳುವಷ್ಟು ಬುದ್ಧಿವಂತರು ನಮ್ಮ ಶಾಲೆಯಲ್ಲಿ ಇರಲಿಲ್ಲ.

ಇನ್ನು ಉಸಿರಿನ ಪುಸ್ತಕದ ವಿಷಯ. ಆರು ವರ್ಷದ ಹಿಂದೆ ಮೇಲಿನಿಂದ ಒಂದು ಆದೇಶ ಬಂತು. ಹಿಟ್ಟಿನ ಧೂಳು ಕೆಲವರ ಎದೆಗೆ ಆಗಿಬರುವುದಿಲ್ಲ, ಆದ್ದರಿಂದ ಹಿಟ್ಟಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಉಸಿರನ್ನೂ ವಾರಕ್ಕೊಮ್ಮೆ ಅಳೆಯಬೇಕು ಅಂತ. ಅಳೆಯುವುದು ಹೇಗೆ ಅಂತ ತೋರಿಸಲು ಒಬ್ಬರು ಡಾಕ್ಟರಮ್ಮ ಬಂದರು. ಒಂದು ಪ್ಲಾಸ್ಟಿಕ್ ಕೊಳವೆ, ಅದರ ಮೇಲೆ ಅಂಕಿಗಳು, ಒಂದು ಕೆಂಪು ಮುಳ್ಳು. ಎದೆ ತುಂಬ ಗಾಳಿ ಎಳೆದು ಒಂದೇ ಏಟಿಗೆ ಜೋರಾಗಿ ಊದಿದರೆ ಮುಳ್ಳು ಸರಿದು ಒಂದು ಅಂಕಿಯ ಹತ್ತಿರ ನಿಲ್ಲುತ್ತದೆ. ಅದಕ್ಕೆ ಏನೋ ಇಂಗ್ಲಿಷ್ ಹೆಸರಿತ್ತು. ನಾವು ಪೀಪಿ ಅಂದೆವು. ಶನಿವಾರ ಸಂಜೆ ಕೆಲಸ ಮುಗಿದ ಮೇಲೆ ಊದಿಸಿ, ಯಾರದಾದರೂ ಅಂಕಿ ಮೊದಲ ದಿನದ ಐದರಲ್ಲಿ ನಾಲ್ಕು ಪಾಲಿಗಿಂತ ಕೆಳಗಿಳಿದರೆ ತಕ್ಷಣ ಒಳಗಿನ ಕೆಲಸ ನಿಲ್ಲಿಸಿ ನನ್ನ ಹತ್ತಿರ ಕಳಿಸಿ ಅಂದರು ಡಾಕ್ಟರಮ್ಮ.

ನಾನು ಅದರಲ್ಲಿ ಒಂದು ಸಣ್ಣ ಸುಧಾರಣೆ ಮಾಡಿದೆ. ಶನಿವಾರ ಸಂಜೆ ಎಲ್ಲರಿಗೂ ಮನೆಗೆ ಓಡುವ ಆತುರ, ಹಿಡಿದು ನಿಲ್ಲಿಸುವವರು ಯಾರು. ಸಾಲದ್ದಕ್ಕೆ ನನ್ನ ರಿಜಿಸ್ಟರಿನ ಹಾಳೆ ಶುರುವಾಗುವುದು ಸೋಮವಾರದಿಂದ. ಹಾಗಾಗಿ ಸೋಮವಾರ ಬೆಳಿಗ್ಗೆ, ಹಾಲಿನ ಬಾಗಿಲು ತೆಗೆಯುವ ಮೊದಲೇ ಊದಿಸುವುದು ಅಂತ ಗೊತ್ತು ಮಾಡಿದೆ. ಎಲ್ಲರೂ ಭಾನುವಾರವಿಡೀ ಹಿಟ್ಟಿನಿಂದ ದೂರವಿದ್ದು, ಹೊರಗಿನ ಗಾಳಿ ಕುಡಿದು, ಚೆನ್ನಾಗಿ ನಿದ್ದೆ ಮಾಡಿ ಬಂದು ಊದುತ್ತಿದ್ದರು. ಅಂಕಿಗಳು ಎಷ್ಟು ಚೆನ್ನಾಗಿ ಬರುತ್ತಿದ್ದವೆಂದರೆ, ಮೂರು ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮ ಅವುಗಳ ಜೊತೆಗೆ ನನ್ನ ಅಕ್ಷರವನ್ನೂ ಹೊಗಳಿದರು. ಎರಡನೇ ವರ್ಷ ಶುದ್ಧ ಗಾಳಿಯ ಶಾಲೆ ಅಂತ ಒಂದು ಪ್ರಶಸ್ತಿ ಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದೆವು. ತಿಂಗಳಿಗೊಮ್ಮೆ ಅದರ ಗಾಜಿನ ಮೇಲಿನ ಹಿಟ್ಟು ಒರೆಸುವುದೂ ನನ್ನ ಕೆಲಸವೇ.

ತೊಡಕು ಇದ್ದದ್ದು ಮಾಸ್ಟರದು. ಕಲಿಸುವವರೂ ಊದಬೇಕು ಅಂತ ಆದೇಶದಲ್ಲಿತ್ತು. ಮೂವತ್ತು ವರ್ಷ ಹಿಟ್ಟಿನಲ್ಲಿ ಬದುಕಿದವನು ನಾನು, ಪೀಪಿ ಊದಲು ನಾನೇನು ತೊಟ್ಟಿಲ ಕೂಸಾ ಅಂದರು ಅವರು. ಕಲಮು ಖಾಲಿ ಬಿಡುವಂತಿಲ್ಲ. ಸುಳ್ಳು ಅಂಕಿ ಬರೆಯುವುದು ನನ್ನ ಜಾಯಮಾನವಲ್ಲ. ಎರಡು ದಿನ ಯೋಚಿಸಿ, ಅವರ ಹೆಸರಿನಲ್ಲಿ ನಾನೇ ಊದಿ, ಮುಳ್ಳು ನಿಂತ ಅಂಕಿಯನ್ನು ಬರೆದೆ. ಊದಿದ್ದು ನಿಜ, ಮುಳ್ಳು ಸರಿದದ್ದು ನಿಜ, ಬರೆದದ್ದು ಸರಿದಷ್ಟೇ. ಮನಸ್ಸು ಹಗುರಾಯಿತು. ವಾರ ವಾರ ಊದಿ ಊದಿ ನನಗೆ ಎಂಥ ಹತೋಟಿ ಬಂತೆಂದರೆ, ನಾನೂರ ಎಂಬತ್ತು ಅಂದರೆ ನಾನೂರ ಎಂಬತ್ತಕ್ಕೇ ನಿಲ್ಲಿಸುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಂತ ಆಗ ಹೊಳೆಯಲಿಲ್ಲ. ಮೇಯುವ ಬೇಲಿಗೆ ತಾನು ಕಾವಲಿದ್ದೇನೆ ಅಂತಲೇ ಅನಿಸುತ್ತಿರುತ್ತದೆ.

ಮಾಸ್ಟರ್ ದಿನಾ ಬೆಳಿಗ್ಗೆ ಹಾಲಿಗೆ ಕಾಲಿಟ್ಟೊಡನೆ ಏಳೆಂಟು ಸಲ ಸೀನುತ್ತಿದ್ದರು. ಅದು ಶೀತ, ಮೂವತ್ತು ವರ್ಷದಿಂದ ಇದೆ ಅನ್ನುತ್ತಿದ್ದರು. ಹೊಸಬರು ಯಾರಾದರೂ ಸೀನಿದರೆ, ಹಿಟ್ಟು ಮೊದಲು ಮೂಗಿಗೆ ಹತ್ತುತ್ತೆ, ಆಮೇಲೆ ಕೈಗೆ ಹತ್ತುತ್ತೆ, ಒಗ್ಗಿಸಿಕೊಳ್ಳಬೇಕು ಅನ್ನುವುದು ಅವರ ಉಪದೇಶ. ಒಗ್ಗುವುದು ಅನ್ನುವುದೇ ನಮ್ಮ ಶಾಲೆಯ ಮೊದಲ ಪಾಠ, ಕೊನೆಯ ಪಾಠ. ಮೈದುನನಿಗೆ ಚಿಕ್ಕಂದಿನಿಂದಲೂ ಧೂಳು ಕಂಡರೆ ಆಗದು. ಅವನು ಹತ್ತು ದಿನ ಮೂಗು ಹಿಂಡಿಕೊಂಡು ಕೆಂಪು ಮಾಡಿಕೊಂಡು, ಹನ್ನೊಂದನೇ ದಿನ ಬರಲಿಲ್ಲ. ಸೋಮಾರಿ ಅಂದರು ಮಾಸ್ಟರ್. ಸೋಮಾರಿ ಅಂದೆ ನಾನೂ. ಆ ತಂಡದಲ್ಲಿ ಬುದ್ಧಿ ಇದ್ದದ್ದು ಅವನ ಮೂಗಿಗೊಂದಕ್ಕೇ ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಅತ್ತಿಗೆಗೆ ಏನೂ ಆಗಲಿಲ್ಲ. ಮೊದಲ ಸೋಮವಾರ ಊದಿದಾಗ ನಾನೂರ ಹತ್ತು. ಎರಡು ತಿಂಗಳು ಒಂದು ಸೀನೂ ಇಲ್ಲ. ಕಾಜಾ ಹೊಲಿದ ಬೆರಳುಗಳಿಗೆ ಹಿಟ್ಟಿನ ಮನಸ್ಸು ಬೇಗ ತಿಳಿಯಿತು. ಎಷ್ಟು ನೀರು, ಎಷ್ಟು ಹೊತ್ತು, ಯಾವಾಗ ಬಿಡಬೇಕು ಅನ್ನುವುದನ್ನು ಮುಟ್ಟಿಯೇ ಹೇಳುತ್ತಿದ್ದರು. ಬೀಸಿನಲ್ಲಂತೂ ಮಾಸ್ಟರನ್ನೇ ಮೀರಿಸಿದರು. ಬಲಗೈ ಹಿಂದಕ್ಕೆ ಹೋಗಿ, ಮಣಿಕಟ್ಟು ಒಂದು ಸುತ್ತು ತಿರುಗಿ, ಹಿಟ್ಟು ಬಿಚ್ಚಿಕೊಂಡು ಇಳಿಯುವಾಗ ಬೇರೆ ಮೇಜಿನವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಒಗ್ಗುವುದು ಅಂದರೆ ಇದು, ನೋಡಿ ಕಲಿಯಿರಿ ಅಂತ ಮಾಸ್ಟರ್ ಅವರನ್ನು ದಿನಕ್ಕೆ ಹತ್ತು ಸಲ ಬೀಸಿಸುತ್ತಿದ್ದರು. ತಾವೇ ಮಾಡಿದ ಮೊದಲ ಬ್ರೆಡ್ ಒಲೆಯಿಂದ ಬಂದ ದಿನ ಅತ್ತಿಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಅಪ್ಪಿಕೊಂಡು ಬಸ್ಸಿನಲ್ಲಿ ಕೂತು ಹೋದರಂತೆ. ಡ್ರೈವರ್ ಗಂಡ ಕನ್ನಡಿಯಲ್ಲಿ ನೋಡಿ ಯಾರ ಮಗು ಅಂತ ಕೇಳಿದನಂತೆ.

ಮೂರನೇ ತಿಂಗಳಲ್ಲಿ ಅವರ ಮೂಗು ತುರಿಸತೊಡಗಿತು. ನಾಲ್ಕರಲ್ಲಿ ಕಣ್ಣಲ್ಲಿ ನೀರು. ಐದರಲ್ಲಿ ಕೆಮ್ಮು, ಅದೂ ಒಂದು ತರಹದ ಶಿಸ್ತಿನ ಕೆಮ್ಮು. ಸೋಮವಾರ ಇರುವುದಿಲ್ಲ, ಬುಧವಾರ ಶುರು, ಶನಿವಾರ ಮಾತು ಮುಗಿಸಲು ಬಿಡುವುದಿಲ್ಲ, ಭಾನುವಾರ ಮಾಯ. ಮನೆಯಲ್ಲಿ ಹೆಣ್ಣುಮಕ್ಕಳು ಅಮ್ಮನಿಗೆ ಕಷಾಯ ಕುಡಿಸಿದರು. ಮಾಸ್ಟರ್ ಕೇಳಿ ಸಂತೋಷಪಟ್ಟರು. ಈಗ ಒಗ್ಗುತ್ತಾ ಇದೆ ಅಂದರು.

ಆರನೇ ತಿಂಗಳ ಒಂದು ಸೋಮವಾರ ಅತ್ತಿಗೆ ಪೀಪಿ ಊದಿದಾಗ ಮುಳ್ಳು ಮುನ್ನೂರಕ್ಕೆ ನಿಂತಿತು. ಮತ್ತೆ ಊದಿಸಿದೆ. ಮುನ್ನೂರ ಐದು. ಇನ್ನೊಮ್ಮೆ. ಇನ್ನೂರ ತೊಂಬತ್ತು. ನಾನೂರ ಹತ್ತರ ನಾಲ್ಕು ಪಾಲು ಅಂದರೆ ಮುನ್ನೂರ ಇಪ್ಪತ್ತೆಂಟು. ನಾನು ಪೆನ್ನು ಕೆಳಗಿಟ್ಟೆ. ನಿಯಮದ ಪ್ರಕಾರ ಅವತ್ತೇ ಅವರನ್ನು ಹಾಲಿನಿಂದ ಹೊರಗಿಟ್ಟು ಡಾಕ್ಟರಮ್ಮನ ಬಳಿ ಕಳಿಸಬೇಕು.

"ಕಳಿಸಿದ್ರೆ ಅವರು ವಾಪಸ್ ಬಿಡಲ್ಲ ಅಣ್ಣ," ಅಂದರು ಅತ್ತಿಗೆ. "ಇನ್ನು ಮೂರೇ ತಿಂಗಳು. ಮಾಸ್ಟರ್‌ಗೆ ಊದಿದ ಹಾಗೆ ನನಗೂ ಇದೊಂದು ಸಲ ಊದಿಬಿಡಿ."

ಮಾಸ್ಟರಿಗೆ ನಾನು ಊದುವ ಗುಟ್ಟು ಅವರಿಗೆ ಹೇಗೆ ತಿಳಿಯಿತೋ. ಗಾಜಿನ ಕೋಣೆಯಲ್ಲಿ ಕೂತವನ ಗುಟ್ಟು ಎಷ್ಟು ದಿನ ಇದ್ದೀತು. ಹದಿನೆಂಟು ವರ್ಷ ತೂತು ಹೊಲಿದ ಹೆಂಗಸು, ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡುವುದು ಹೇಗೆ ಅನಿಸಿತು. ಒಳ್ಳೆಯವನಾಗುವ ಆಸೆ ಬಹಳ ಕೆಟ್ಟದ್ದು ಸ್ವಾಮಿ. ಪೀಪಿ ತೆಗೆದುಕೊಂಡು, ಹೆಂಗಸಿನ ಉಸಿರಿಗೆ ಒಪ್ಪುವ ಹಾಗೆ ಹದವಾಗಿ ಊದಿದೆ. ನಾನೂರ ಐದು. ಐದು ಕಡಿಮೆ ಮಾಡಿದ್ದು ಬೇಕಂತಲೇ, ನೋಡುವವರಿಗೆ ಸಹಜವಾಗಿ ಕಾಣಲಿ ಅಂತ. ಅತ್ತಿಗೆ ಕೈ ಮುಗಿದರು. ಆ ಕೈಗಳನ್ನು ನೋಡಿ ನಾನು ಉಬ್ಬಿದೆ, ಒಲೆಯ ಬನ್ನು ಕೂಡ ಹಾಗೆ ಉಬ್ಬಿದ್ದಿಲ್ಲ.

ಇದೊಂದು ಸಲ ಅನ್ನುವುದು ಹದಿಮೂರು ಸೋಮವಾರ ಆಯಿತು. ನಡುವೆ ಡಾಕ್ಟರಮ್ಮ ಬಂದಾಗ ನನ್ನ ಅಕ್ಷರ ನೋಡಿ ಹೋದರು. ಅತ್ತಿಗೆ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದ್ದರು. ಮೂಟೆ ಬಿಚ್ಚುವ ಸದ್ದಿಗೇ ಅವರ ಎದೆ ಕುಯ್ಯೆನ್ನುತ್ತಿತ್ತು. ಬೀಸುವ ಮೊದಲು ಹೊರಗೆ ಹೋಗಿ ಉಸಿರು ತುಂಬಿಕೊಂಡು ಬಂದು, ಬೀಸಿ, ಮತ್ತೆ ಹೊರಗೆ ಓಡುತ್ತಿದ್ದರು. ನಾನು ಎಲ್ಲವನ್ನೂ ಗಾಜಿನಿಂದ ನೋಡುತ್ತಿದ್ದೆ. ಇನ್ನೆಷ್ಟು ವಾರ ಅಂತ ಬೆರಳು ಮಡಿಸುತ್ತಿದ್ದೆ.

ಪರೀಕ್ಷೆಯ ದಿನ ಹೊರಗಿನಿಂದ ಇಬ್ಬರು ಪರೀಕ್ಷಕರು ಬಂದರು. ಅತ್ತಿಗೆ ಮೊದಲು ಬ್ರೆಡ್ಡಿಗೆ ಬೀಸಿದರು. ಒಂಬತ್ತು ತಿಂಗಳಲ್ಲಿ ಅಂಥ ಬೀಸು ನಾನು ಕಂಡಿರಲಿಲ್ಲ. ಇಬ್ಬರೂ ಪರೀಕ್ಷಕರು ಇಪ್ಪತ್ತೈದಕ್ಕೆ ಇಪ್ಪತ್ತೈದು ಬರೆದರು. ಬ್ರೆಡ್ ಒಲೆಗೆ ಹೋಯಿತು. ಬನ್ನಿಗಾಗಿ ಎರಡನೇ ಸಲ ಬೀಸಬೇಕಿತ್ತು. ಹೊರಗೆ ಹೋಗಿ ಬರಲು ಪರೀಕ್ಷಕರು ಬಿಡಲಿಲ್ಲ. ಅತ್ತಿಗೆ ಬೀಸಿದರು, ಹಿಟ್ಟು ಇಳಿಯಿತು, ಅದರ ಜೊತೆಗೆ ಅವರೂ ಇಳಿದರು. ಮೇಜಿನ ಅಂಚು ಹಿಡಿದು ಕೂತವರ ತುಟಿ ನೀಲಿಯಾಗಿತ್ತು. ಪರೀಕ್ಷೆಯ ಭಯ, ನೀರು ಕೊಡಿ ಅಂದರು ಮಾಸ್ಟರ್. ಭಯ ಅಲ್ಲ ಅಂತ ಆ ಹಾಲಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬ್ರೆಡ್ ಸಾಗಿಸುವ ವ್ಯಾನಿನಲ್ಲಿ ಅವರನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಮುಖಕ್ಕೆ ಮುಚ್ಚಳದಂಥದ್ದನ್ನು ಹಾಕಿ ಔಷಧದ ಹೊಗೆ ಕೊಟ್ಟ ಮೇಲೆ ಉಸಿರು ಮರಳಿತು. ದಾರಿಯುದ್ದಕ್ಕೂ ನಾನು ನನ್ನ ಎದೆಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅದು ಎಂದಿನಂತೆ ಸಲೀಸಾಗಿ ಏರಿಳಿಯುತ್ತಿತ್ತು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮೂರನೇ ದಿನ ಡಾಕ್ಟರಮ್ಮ ಶಾಲೆಗೆ ಬಂದರು. ನನ್ನ ಕೋಣೆಯಲ್ಲೇ ಕೂತರು. ಮಾಸ್ಟರ್ ಒಂದು ಕುರ್ಚಿಯಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾದ ಅತ್ತಿಗೆ ಇನ್ನೊಂದರಲ್ಲಿ. ಡಾಕ್ಟರಮ್ಮ ಉಸಿರಿನ ಪುಸ್ತಕವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬೆರಳಿಟ್ಟು ನೋಡಿದರು. ಒಂಬತ್ತು ತಿಂಗಳೂ ಅಂಕಿ ಅಲುಗಾಡಿಲ್ಲ, ಹಿಟ್ಟಿನಿಂದ ಆಗಿದ್ದರೆ ಇಲ್ಲಿ ಇಳಿಯಬೇಕಿತ್ತು ಅಂದರು. ಎದೆಗೆ ಶೀತ ಇಳಿದು ಹೀಗಾಗಿರಬಹುದು, ಒಂದು ವಾರ ವಿಶ್ರಾಂತಿ, ಆಮೇಲೆ ಉಳಿದ ಪರೀಕ್ಷೆ ಬರೆಯಲಿ ಅಂತ ತೀರ್ಮಾನಿಸಿದರು. ಮಾಸ್ಟರ್ ತಲೆಯಾಡಿಸಿದರು. ಅತ್ತಿಗೆ ನನ್ನತ್ತ ನೋಡಿದರು. ಬಾಯಿ ಬಿಡಬೇಡಿ ಅನ್ನುವ ನೋಟ. ಇನ್ನೊಂದು ಬೀಸು, ನಾಲ್ಕು ಬನ್ನು, ಅಷ್ಟೇ ಉಳಿದಿರುವುದು ಅನ್ನುವ ನೋಟ.

ನಾನು ಬಾಯಿ ಬಿಡುತ್ತಿರಲಿಲ್ಲ. ನನ್ನ ಬಗ್ಗೆ ನನಗೆ ಅಷ್ಟು ಗೊತ್ತು. ಆದರೆ ಡಾಕ್ಟರಮ್ಮ ಪುಸ್ತಕ ಮುಚ್ಚುತ್ತಾ, ನಿಮ್ಮಂಥ ಗುಮಾಸ್ತರು ಎಲ್ಲ ಕಡೆ ಇದ್ದರೆ ನಮ್ಮ ಕೆಲಸ ಎಷ್ಟು ಸುಲಭ ಅಂದುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿಕೆ ತಡೆಯಲಾಗಲಿಲ್ಲ.

"ಅದು ನನ್ನ ಉಸಿರು ಡಾಕ್ಟರಮ್ಮ," ಅಂದೆ.

ಅವರಿಗೆ ಅರ್ಥವಾಗಲಿಲ್ಲ. ನಿಮಗೂ ಕೆಮ್ಮಾ ಅಂತ ಕೇಳಿದರು. ಅತ್ತಿಗೆಯದು ಹದಿಮೂರು ಸೋಮವಾರದ್ದು, ಮಾಸ್ಟರದು ಆರು ವರ್ಷದ್ದು, ಎಲ್ಲ ನಾನೇ ಊದಿದ್ದು ಅಂತ ಬಿಡಿಸಿ ಹೇಳಿದೆ. ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು.

"ಊದೋದು ಯಾಕೆ? ಸುಮ್ಮನೆ ಒಂದು ಅಂಕಿ ಬರೀಬಹುದಿತ್ತಲ್ಲ."

"ಸುಳ್ಳು ಬರೆಯೋದು ನನ್ನಿಂದ ಆಗಲ್ಲ ಡಾಕ್ಟರಮ್ಮ."

ಡಾಕ್ಟರಮ್ಮ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತು, ಅದರ ಚೌಕಟ್ಟಿನ ಮೇಲಿದ್ದ ಹಿಟ್ಟಿನ ಮೇಲೆ ಬೆರಳಲ್ಲಿ ಒಂದು ಗೆರೆ ಎಳೆದು, ವಾಪಸು ಬಂದು ಕೂತರು. ಪೀಪಿ ತೆಗೆದು ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆ ಒಲ್ಲದ ಮನಸ್ಸಿನಿಂದ ಊದಿದರು. ಇನ್ನೂರ ಮೂವತ್ತು.

ಆಮೇಲೆ ಮಾಸ್ಟರ ಸರದಿ. ಈ ಸಲ ತೊಟ್ಟಿಲ ಕೂಸಿನ ಮಾತು ನಡೆಯಲಿಲ್ಲ. ಅವರು ಎದ್ದು ನಿಂತು, ಪ್ಯಾಂಟು ಮೇಲೆಳೆದುಕೊಂಡು, ಇಡೀ ಶಾಲೆಯ ಮಾನ ಅದರಲ್ಲಿದೆ ಅನ್ನುವ ಹಾಗೆ ಊದಿದರು. ಇನ್ನೂರ ಹತ್ತು. ಪೀಪಿ ಕೆಟ್ಟಿದೆ ಅಂದರು. ಡಾಕ್ಟರಮ್ಮ ಚೀಲದಿಂದ ಹೊಸದೊಂದು ತೆಗೆದರು. ಇನ್ನೂರು. ಹೊಸದು ಕೂಡ ಕೆಟ್ಟದ್ದೇ ಬಂದಿದೆ ಅಂದರು ಮಾಸ್ಟರ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡಾಕ್ಟರಮ್ಮ ಅದೇ ಪೀಪಿಯನ್ನು ಒರೆಸಿ ಬೇರೆ ಬಾಯಿ ಹಾಕಿ ತಾವೇ ಊದಿ ನಾನೂರ ನಲವತ್ತು ತೋರಿಸಿದ ಮೇಲೆ ಅವರು ಕುರ್ಚಿಯಲ್ಲಿ ಕೂತರು. ಮೂವತ್ತು ವರ್ಷ ಶೀತ ಅಂದುಕೊಂಡಿದ್ದೆ ಅಂತ ಮೆಲ್ಲಗೆ ಅಂದರು. ಅವರ ಮೇಲೂ ಅಯ್ಯೋ ಅನಿಸಿತು.

ಅತ್ತಿಗೆಯ ಮುಂಗೈ ಮೇಲೆ ಚುಚ್ಚಿ ಪರೀಕ್ಷೆ ಮಾಡಿದಾಗ ಮೈದಾದ ಹನಿ ಬಿದ್ದ ಜಾಗ ಸೊಳ್ಳೆ ಕಚ್ಚಿದ್ದಕ್ಕಿಂತ ದೊಡ್ಡದಾಗಿ ಊದಿಕೊಂಡಿತು. ಡಾಕ್ಟರಮ್ಮ ಸಿಟ್ಟಿನಲ್ಲೇ ಆದರೂ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು. ಇದು ಒಗ್ಗುವ ವಿಷಯವೇ ಅಲ್ಲ. ಮೊದಲ ತಿಂಗಳುಗಳಲ್ಲಿ ಮೈ ಆ ಹಿಟ್ಟಿನ ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಕೆಲವರ ಮೈ ಅದನ್ನು ಶತ್ರು ಅಂತ ಗುರುತು ಹಿಡಿಯುತ್ತದೆ. ಆಮೇಲೆ ದಿನ ಹೋದಂತೆ ಜಗಳ ಹೆಚ್ಚುತ್ತದೆಯೇ ಹೊರತು ರಾಜಿಯಾಗುವುದಿಲ್ಲ. ಮುನ್ನೂರಕ್ಕೆ ಇಳಿದ ದಿನವೇ ಬಂದಿದ್ದರೆ, ಬೀಸು ನಿಲ್ಲಿಸಿ, ಮೇಜಿಗೆ ಎಣ್ಣೆ ಸವರಿ, ಸರಿಯಾದ ಮಾಸ್ಕ್ ಹಾಕಿ, ಔಷಧ ಕೊಟ್ಟು, ಇವರನ್ನು ಈ ಕೆಲಸದಲ್ಲೇ ಉಳಿಸಲು ನೋಡಬಹುದಿತ್ತು. ಈ ಮೂರು ತಿಂಗಳಲ್ಲಿ ಅದು ಕೈ ಮೀರಿತು. ಇನ್ನು ಒಂದು ಹಿಡಿ ಹಿಟ್ಟು ಹಾರಿದರೂ ಸಾಕು, ಉಸಿರು ಕಟ್ಟುತ್ತದೆ.

ಎಣ್ಣೆ ಸವರುವವನು ಬೇಕರಿಯವನಲ್ಲ, ಮೆಕ್ಯಾನಿಕ್ಕು ಅಂತ ಮಾಸ್ಟರ್ ಗೊಣಗಿದರು.

ಅತ್ತಿಗೆ ಅಳುತ್ತಾರೆ ಅಂದುಕೊಂಡೆ, ಅಳಲಿಲ್ಲ. "ಒಲೇಲಿ ನನ್ನ ಬ್ರೆಡ್ ಇತ್ತು," ಅಂದರು. "ಯಾರು ತೆಗೆದ್ರಿ?"

ಯಾರೂ ತೆಗೆದಿರಲಿಲ್ಲ. ಆ ಗಡಿಬಿಡಿಯಲ್ಲಿ ಅದು ಇದ್ದಿಲಾಗಿ, ಸಂಜೆ ಯಾರೋ ಕೆರೆದು ಎಸೆದಿದ್ದರು. ಮೊದಲಿಂದ ಕೊನೆಯತನಕ ಅನ್ನುವುದರಲ್ಲಿ ಕೊನೆ ತಪ್ಪಿತು. ಅತ್ತಿಗೆ ನನ್ನನ್ನು ಒಮ್ಮೆ ನೋಡಿ ಎದ್ದು ಹೋದರು. ನಾನು ಬಾಯಿ ಬಿಟ್ಟದ್ದಕ್ಕೆ ಸಿಟ್ಟೋ, ತಡವಾಗಿ ಬಿಟ್ಟದ್ದಕ್ಕೋ ಆಗ ತಿಳಿಯಲಿಲ್ಲ. ಮೈದುನ ಮಾತ್ರ ಮನೆಯಲ್ಲಿ, ಬ್ರೆಡ್ ತಿನ್ನಬಹುದು ಆದರೆ ಮಾಡಬಾರದು ಅನ್ನುವಂಥ ಕಾಯಿಲೆ ತನಗೇಕೆ ಸಿಗಲಿಲ್ಲ ಅಂದು ಅಣ್ಣನ ಕೈಯಲ್ಲಿ ಬೈಸಿಕೊಂಡನಂತೆ.

ವಿಚಾರಣೆಗೆ ಒಂದು ಸಮಿತಿ ಕೂತಿತು. ಸಮಿತಿ ಮೂರು ದಿನ ಬನ್ನು ತಿಂದು ತೀರ್ಪು ಕೊಟ್ಟಿತು. ಬೀಸನ್ನು ಪರೀಕ್ಷೆಯಿಂದ ತೆಗೆಯಬೇಕು, ಆದರೆ ಅದು ಶಾಲೆಯ ಹೆಮ್ಮೆಯಾದ್ದರಿಂದ ದೊಡ್ಡವರು ಭೇಟಿಗೆ ಬಂದಾಗ ಮಾತ್ರ ಮಾಡಿ ತೋರಿಸಬಹುದು. ಮಾಸ್ಟರ್ ಇನ್ನು ಬಾಗಿಲ ಹೊರಗೆ ನಿಂತು ಕಲಿಸಬೇಕು. ಪ್ರಶಸ್ತಿ ಪತ್ರ ಇದ್ದಲ್ಲೇ ಇರಲಿ. ಗುಮಾಸ್ತನಿಂದ ಉಸಿರಿನ ಪುಸ್ತಕ ಕಿತ್ತುಕೊಂಡು, ಶಿಕ್ಷೆಯಾಗಿ ಅವನನ್ನು ಹಿಟ್ಟಿನ ಗೋದಾಮಿಗೆ ಹಾಕಬೇಕು, ಅಲ್ಲಿ ಮೂಟೆ ಎಣಿಸಲಿ. ಉಸಿರಿನ ವಿಷಯದಲ್ಲಿ ತಪ್ಪು ಮಾಡಿದವನನ್ನು ಹಿಟ್ಟಿನ ನಡುವೆ ಕೂರಿಸುವ ಬುದ್ಧಿ ಸಮಿತಿಗಲ್ಲದೆ ಯಾರಿಗೆ ಬರುತ್ತದೆ. ಮಾಡಿದ್ದುಣ್ಣೋ ಮಹರಾಯ ಅಂತ ನಾನೂ ಸುಮ್ಮನೆ ಹೋದೆ.

ಪುಸ್ತಕವನ್ನು ಯಾರಿಗೆ ಕೊಡುವುದು ಅನ್ನುವ ಪ್ರಶ್ನೆ ಬಂದಾಗ ಡಾಕ್ಟರಮ್ಮ ಪಟ್ಟು ಹಿಡಿದು ಅತ್ತಿಗೆಯ ಹೆಸರು ಹೇಳಿದರು. ಉಸಿರು ಸಿಗದಿದ್ದರೆ ಏನಾಗುತ್ತೆ ಅಂತ ಗೊತ್ತಿರುವವರೇ ಅಳೆಯಲಿ ಅಂದರಂತೆ. ಹಾಲಿನಿಂದ ದೂರ, ಅಂಗಳದ ಆಚೆ ಗೇಟಿನ ಪಕ್ಕದ ಕಟ್ಟಡದಲ್ಲಿ ಅವರಿಗೆ ಒಂದು ಕೋಣೆ ಕೊಟ್ಟರು. ಅತ್ತಿಗೆ ಬಂದ ಮೊದಲ ವಾರವೇ ಸೋಮವಾರವನ್ನು ಹೊಡೆದುಹಾಕಿ ಶನಿವಾರ ಸಂಜೆ ಅಂತ ಬರೆದರು. ಮನೆಗೆ ಓಡುವವರನ್ನು ಹಿಡಿಯುವುದು ಹೇಗೆ ಅಂತ ನಾನು ಆರು ವರ್ಷ ತಲೆ ಕೆಡಿಸಿಕೊಂಡದ್ದಕ್ಕೆ ಅವರು ಎರಡು ನಿಮಿಷದಲ್ಲಿ ಉತ್ತರ ಕಂಡುಕೊಂಡರು. ಕುರ್ಚಿಯನ್ನು ಗೇಟಿಗೆ ಅಡ್ಡ ಹಾಕಿ ಕೂತರು. ಊದದೆ ಯಾರೂ ಹೊರಗೆ ಹೋಗುವಂತಿಲ್ಲ. ಮೊದಲ ತಿಂಗಳಲ್ಲೇ ಮೂವರು ಸಿಕ್ಕಿಬಿದ್ದರು. ಮೂವರೂ ಈಗ ಮಾಸ್ಕ್ ಹಾಕಿ, ಎಣ್ಣೆ ಸವರಿದ ಮೇಜಿನ ಮೇಲೆ, ನೆಟ್ಟಗೆ ಉಸಿರಾಡುತ್ತಾ ಬ್ರೆಡ್ ಮಾಡುತ್ತಿದ್ದಾರೆ.

ಗೋದಾಮಿನವನೂ ಊದಬೇಕಿತ್ತು. ಮೊದಲ ಶನಿವಾರ ನಾನು ಅವರ ಮುಂದೆ ನಿಂತಾಗ ಅವರು ಮಾತಾಡಲಿಲ್ಲ. ಪೀಪಿ ಚಾಚಿದರು. ಆರು ವರ್ಷ ಊದಿದವನು ನನ್ನ ಹೆಸರಿನ ಮುಂದೆ ನನ್ನ ಉಸಿರನ್ನು ಕಂಡದ್ದು ಅವತ್ತೇ. ನಾನೂರ ಎಪ್ಪತ್ತು. ವಾರ ವಾರ ಹೀಗೇ ನಡೆಯಿತು, ಮಾತಿಲ್ಲ, ಕತೆಯಿಲ್ಲ. ಮೂರು ತಿಂಗಳಾದ ಮೇಲೆ ನನಗೆ ಮೂಟೆ ಸರಿಸುವಾಗ ಮೂಗು ತುರಿಸತೊಡಗಿತು. ಇಳಿವಯಸ್ಸಿನ ಶೀತ ಅಂದುಕೊಂಡೆ. ನಾನೂರ ನಲವತ್ತು, ನಾನೂರ ಹತ್ತು. ಐದನೇ ತಿಂಗಳ ಶನಿವಾರ ಮುಳ್ಳು ಮುನ್ನೂರ ಅರವತ್ತಕ್ಕೆ ನಿಂತಿತು. ನನ್ನ ನಾಲ್ಕು ಪಾಲು ಎಷ್ಟು ಅಂತ ನನಗೆ ಯಾರೂ ಹೇಳಬೇಕಿರಲಿಲ್ಲ. ಮುನ್ನೂರ ಎಪ್ಪತ್ತಾರು.

ಅಂಗಳ ದಾಟಿ ಅವಸರದಲ್ಲಿ ಬಂದದ್ದಕ್ಕೆ ಹೀಗಾಯಿತು, ಇನ್ನೊಂದು ಸಲ ಊದುತ್ತೇನೆ ಅಂದೆ. ಊದಿದೆ. ಅಷ್ಟೇ. ನನ್ನ ಆ ಹಳೆಯ ಹತೋಟಿಯನ್ನೆಲ್ಲ ನೆನೆಸಿಕೊಂಡು ಮೂರನೇ ಸಲ ಊದಿದೆ. ಮುನ್ನೂರ ಐವತ್ತು. ಗೋದಾಮಿನಿಂದಲೂ ಎಬ್ಬಿಸಿದರೆ ಈ ಶಾಲೆಯಲ್ಲಿ ನನ್ನನ್ನು ಕೂರಿಸಲು ಇನ್ನು ಜಾಗವಿಲ್ಲ. ಹಿಂದೆ ಸಾಲಿನಲ್ಲಿ ನಿಂತವರಿಗೆ ಕೇಳಿಸದ ಹಾಗೆ ಬಗ್ಗಿದೆ.

"ಅತ್ತಿಗೆ, ಇದೊಂದು ಸಲ ಮುನ್ನೂರ ಎಂಬತ್ತು ಅಂತ ಬರೆದ್ಬಿಡಿ."

ಹತ್ತೊಂಬತ್ತು ವರ್ಷ ಸುಳ್ಳು ಅಂಕಿ ಬರೆಯದವನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತು ಅಂತ ನನಗೇ ಹೆದರಿಕೆಯಾಯಿತು. ಅತ್ತಿಗೆ ಪೆನ್ನು ಹಿಡಿದುಕೊಂಡೇ ತಲೆ ಎತ್ತಿ ನೋಡಿದರು. ಐದು ತಿಂಗಳ ಮೇಲೆ ಮಾತಾಡಿದರು.

"ಅಣ್ಣ, ಅವತ್ತು ನೀವು ಆಗಲ್ಲ ಅಂದಿದ್ರೆ, ಇವತ್ತು ನಾನು ಆ ಹಾಲಿನ ಒಳಗಿರ್ತಿದ್ದೆ."

ಅಂಗಳದ ಆಚೆಯಿಂದ ಬ್ರೆಡ್ ಬೆಂದ ವಾಸನೆ ಬರುತ್ತಿತ್ತು. ಅವರು ನನ್ನ ಹೆಸರಿನ ಮುಂದೆ ಮುನ್ನೂರ ಅರವತ್ತು ಅಂತ ಬರೆದರು. ಸೋಮವಾರದಿಂದ ಗೋದಾಮಿಗೆ ಹೋಗಬೇಡಿ ಅಂದು, ಡಾಕ್ಟರಮ್ಮನಿಗೆ ಒಂದು ಚೀಟಿ ಬರೆದು ಹರಿದು ನನ್ನ ಕೈಗೆ ಕೊಟ್ಟರು. ಆಮೇಲೆ ಕುರ್ಚಿಯನ್ನು ಸ್ವಲ್ಪ ಸರಿಸಿ ನನಗೆ ದಾರಿ ಬಿಟ್ಟು, ಮುಂದಿನವರು ಬನ್ನಿ ಅಂದರು.